ಮುನ್ನೂರಕ್ಕೆ ಎಂಟು ಕಮ್ಮಿ

“ಅದನ್ನ ಜೋರಾಗಿ ಓದಬ್ಯಾಡ್ರಿ... ದಯವಿಟ್ಟು!”

ರಶ್ಮಿತಾ ಚೀಟಿಯಿಂದ ಕಣ್ಣೆತ್ತಿದಳು. ಕೌಂಟರಿನ ಆಚೆ ಮೂವತ್ತೈದರ ಆಸುಪಾಸಿನ, ಅಗಲ ಭುಜದ ಗಂಡಸು ನಿಂತಿದ್ದ. ಅವನ ಎರಡೂ ಕಿವಿಗಳು ಕೆಂಪಾಗಿದ್ದವು.

ದಾವಣಗೆರೆಯ ವಿನೋಬನಗರದ ಆ ಮೆಡಿಕಲ್ ಶಾಪಿನಲ್ಲಿ ರಶ್ಮಿತಾ ನಾಲ್ಕು ವರ್ಷದಿಂದ ಫಾರ್ಮಸಿಸ್ಟ್. ಎಂಥೆಂಥ ಚೀಟಿಗಳನ್ನೋ ನೋಡಿದ್ದಳು. ಇದರಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹೆಸರಿತ್ತು. ಡಾಕ್ಟರ ಸಹಿ ಇರಲಿಲ್ಲ. ಜೊತೆಗೆ ಮಡಚಿಟ್ಟ ಲ್ಯಾಬ್ ರಿಪೋರ್ಟ್. ಹೆಸರು ವೀರೇಶ್, ಊರು ಹರಿಹರ. ಗಂಡಸಿನ ಆ ಹಾರ್ಮೋನು ಕನಿಷ್ಠ ಮುನ್ನೂರು ಇರಬೇಕಿತ್ತು, ಅವನಿಗೆ ಇನ್ನೂರ ತೊಂಬತ್ತೆರಡು ಇತ್ತು.

ಪಕ್ಕದ ಗಿರಾಕಿ ಹೋಗುವವರೆಗೂ ಕಾದು ಅವಳು ಮೆಲ್ಲಗೆ ಕೇಳಿದಳು, “ಯಾರು ಬರ್ದಿದ್ದು ಇದನ್ನ?”

“ಜಿಮ್ ಟ್ರೇನರ್. ಯಾವಾಗ್ಲೂ ಸುಸ್ತು, ಯಾವುದ್ರಾಗೂ ಮನಸ್ಸಿಲ್ಲ ಅಂದೆ. ರಕ್ತ ಟೆಸ್ಟ್ ಮಾಡ್ಸು ಅಂದ. ನೋಡ್ರಿ, ಎಂಟು ಕಮ್ಮಿ ಐತೆ.”

“ಡಾಕ್ಟರ್ ಬರೀದೆ ನಾನು ಕೊಡಂಗಿಲ್ಲ.”

“ಎಂಟು ಕಮ್ಮಿ ಅನ್ನೋದಕ್ಕೂ ಡಾಕ್ಟರ್ ಬೇಕೇನ್ರಿ?”

“ಬೇಕ್ರಿ! ಇದನ್ನ ತಗೊಂಡ್ರೆ ವೀರ್ಯಾಣು ಹುಟ್ಟೋದೇ ನಿಂತುಹೋಗಬಹುದು. ನಾಳೆ ಮಕ್ಕಳು ಬೇಕಂದ್ರೆ ಕಷ್ಟ. ಅದನ್ನ ಹೇಳಿದ್ನಾ ನಿಮ್ ಟ್ರೇನರ್?”

ಅವನ ಮುಖ ಬಿಳಿಚಿಕೊಂಡಿತು. ಚೀಟಿ ಕಸಿದುಕೊಂಡವನೇ ಹಿಂತಿರುಗಿ ನೋಡದೆ ನಡೆದುಬಿಟ್ಟ.

‘ಅಯ್ಯೋ... ಪಾಪ, ಒರಟಾಗಿ ಅಂದುಬಿಟ್ಟೆನಾ?’ ಇಡೀ ದಿನ ಅವಳ ಮನಸ್ಸು ಕೊರೆಯಿತು.

ಮುಂದಿನ ಸೋಮವಾರ ಅವನು ಮತ್ತೆ ಬಂದ.

“ಬೈಯೋಕೆ ಬಂದ್ರಾ?” ಎಂದಳು ಅಳುಕುತ್ತಾ.

“ಇಲ್ರಿ. ಥ್ಯಾಂಕ್ಸ್ ಹೇಳೋಕೆ. ನನಗೆ ಅಷ್ಟು ನೇರವಾಗಿ ಯಾರೂ ಹೇಳಿರ್ಲಿಲ್ಲ.”

ಅವನು ನಕ್ಕಾಗ ಕಣ್ಣಿನ ದಣಿವೂ ನಗುತ್ತಿತ್ತು. ಅವಳ ಎದೆಯಲ್ಲಿ ಏನೋ ಮೆತ್ತಗೆ ಕದಲಿತು...

ವೀರೇಶ್ ಹರಿಹರದ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇಥ್ ಮಿಷನ್ನಿನ ಆಪರೇಟರ್. ವಾರ ವಾರ ಶಿಫ್ಟ್ ಬದಲಾಗುವ ಕೆಲಸ. ರಜೆಯ ದಿನ ತಾಯಿಯ ಬಿಪಿ ಮಾತ್ರೆಯ ನೆಪದಲ್ಲಿ ದಾವಣಗೆರೆಗೆ ಬರತೊಡಗಿದ.

“ಹರಿಹರದಾಗೆ ಮೆಡಿಕಲ್ ಶಾಪೇ ಇಲ್ವೇನ್ರಿ?” ಎಂದು ಅವಳು ಛೇಡಿಸಿದರೆ, “ಅಲ್ಲಿ ಮಾತ್ರೆ ಮಾತ್ರ ಸಿಗ್ತಾವೆ” ಎನ್ನುತ್ತಿದ್ದ.

ಮೂರು ತಿಂಗಳ ನಂತರ ಒಂದು ಸಂಜೆ, ಬಾತಿ ಕೆರೆಯ ದಂಡೆಯಲ್ಲಿ ಕೂತು ಅವಳು ತನ್ನ ಕಥೆ ಹೇಳಿದಳು.

“ನನಗೆ ಒಂದು ಮದುವೆ ಆಗಿತ್ತು. ಮೂರು ವರ್ಷ ಮಕ್ಕಳಾಗ್ಲಿಲ್ಲ ಅಂತ ತವರಿಗೆ ಕಳಿಸಿಬಿಟ್ರು. ಡೈವೋರ್ಸ್ ಆಗೈತೆ.” ಅವಳು ದಂಡೆಯ ಹುಲ್ಲೊಂದನ್ನು ಕಿತ್ತಳು. “ಆದ್ರೂ... ಮಗು ಬೇಕು ಅನ್ನೋ ಆಸೆ ಸತ್ತಿಲ್ಲ ನನಗೆ.”

ವೀರೇಶ್ ಅವಳ ಕೈ ಹಿಡಿದುಕೊಂಡ. “ನಾಳೇನೇ ನಮ್ಮವ್ವಗೆ ನಮ್ಮಿಬ್ಬರ ವಿಷಯ ಹೇಳ್ತೀನಿ” ಎಂದ.

ಆಮೇಲೆ ಹನ್ನೆರಡು ದಿನ ಅವನ ಸುದ್ದಿಯೇ ಇಲ್ಲ! ಫೋನ್ ಎತ್ತಲಿಲ್ಲ. ಮೆಸೇಜ್ ಓದಿಯೂ ಉತ್ತರ ಕೊಡಲಿಲ್ಲ.

‘ಮನೆಯಲ್ಲಿ ಡೈವೋರ್ಸ್ ಆದವಳು ಬೇಡ ಅಂದಿರಬೇಕು. ಅದನ್ನು ಹೇಳುವ ಧೈರ್ಯವೂ ಇವನಿಗಿಲ್ಲವಾ? ಇವನೂ ಆ ಹಳೆಯ ಗಂಡನ ಹಾಗೆಯೇ...’ ದಿಂಬು ಒದ್ದೆಯಾಯಿತು. ಹದಿಮೂರನೆಯ ದಿನ ಅವಳು ರಜೆ ಹಾಕಿ ಹರಿಹರದ ಬಸ್ ಹತ್ತಿದಳು. ಬೇಡ ಎನ್ನುವುದಾದರೆ ಮುಖಕ್ಕೇ ಹೇಳಲಿ!

ಬಾಗಿಲು ತೆರೆದವರು ಅವನ ತಾಯಿ ದ್ರಾಕ್ಷಾಯಣಮ್ಮ. ಹಣೆ ತುಂಬ ವಿಭೂತಿ, ಮುಖ ತುಂಬ ಚಿಂತೆ.

“ಯಾರು ಬೇಕಾಗಿತ್ತಮ್ಮ?”

“ನಾನು ರಶ್ಮಿತಾ... ದಾವಣಗೆರೆ ಮೆಡಿಕಲ್ ಶಾಪಿನವಳು.”

“ಓ, ನನ್ನ ಮಾತ್ರೆ ಕಳ್ಸೋ ಹುಡುಗೀನಾ! ಬಾ ತಾಯಿ, ಕೂಡ್ರು. ವೀರೇಶ ಹೊಳೆ ಕಡೆ ಹೋಗ್ಯಾನೆ. ಎರಡು ವಾರದಿಂದ ಊಟಾನೂ ಸೇರಂಗಿಲ್ಲ ಅವನಿಗೆ. ಯಾಕ ಅಂದ್ರೆ ಬಾಯಿ ಬಿಡಂಗಿಲ್ಲ.”

ರಶ್ಮಿತಾಳಿಗೆ ದಿಗಿಲಾಯಿತು. ತಾಯಿಗೆ ಏನೂ ಗೊತ್ತೇ ಇಲ್ಲ... ಹಾಗಾದರೆ ಬೇಡ ಎಂದವರು ಯಾರು?

ಅವಳು ಹೆಚ್ಚು ಹೊತ್ತು ಕೂರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ ವೀರೇಶ್ ಅವಳನ್ನು ಕಂಡು ದಡಬಡಿಸಿ ಎದ್ದ.

“ಡೈವೋರ್ಸಿಗೆ ಹೆದರಿದ್ರಾ?” ಅವಳು ನೇರವಾಗಿ ಕೇಳಿದಳು.

“ಛೇ! ಏನ್ ಮಾತು ಅದು?”

“ಮತ್ತೆ ಯಾಕ ಹಿಂಗೆ?”

ಅವನು ಜೇಬಿನಿಂದ ಇನ್ನೊಂದು ರಿಪೋರ್ಟ್ ತೆಗೆದ. “ಕೆರೆ ದಂಡೇಲಿ ನೀವು ಮಗು ಬೇಕು ಅಂದ್ರಲ್ಲ... ಮಾರನೇ ದಿನಾನೇ ಮತ್ತೆ ಟೆಸ್ಟ್ ಮಾಡಿಸ್ದೆ. ಮುನ್ನೂರ ನಾಲ್ಕು. ಅತ್ತ ಕಮ್ಮಿನೂ ಅಲ್ಲ, ಇತ್ತ ಸರಿನೂ ಅಲ್ಲ. ಔಷಧ ತಗೊಂಡ್ರೆ ಮಕ್ಕಳಾಗೋಕೆ ತೊಂದ್ರೆ. ಬಿಟ್ರೆ ಹಿಂಗೇ ಸತ್ತಂಗೆ ಇರಬೇಕು. ಒಂದು ಸಲ ಮಕ್ಕಳ ಸಲುವಾಗಿ ನೊಂದವರು ನೀವು... ಮತ್ತೆ ಅದೇ ಬೆಂಕಿಗೆ ಹೆಂಗೆ ತಳ್ಳಲಿ ರಶ್ಮಿ?”

ಅವನು ಮುಖ ತಿರುಗಿಸಿಕೊಂಡ. ಅಷ್ಟು ದೊಡ್ಡ ಗಂಡಸು ಸದ್ದಿಲ್ಲದೆ ಅಳುತ್ತಿದ್ದ.

ಅವಳ ಸಿಟ್ಟೆಲ್ಲ ಕರಗಿಹೋಯಿತು.

“ನಾನು ಅವತ್ತು ಪೂರ್ತಿ ಹೇಳ್ಲಿಲ್ಲ” ಎಂದಳು ಪಕ್ಕದಲ್ಲಿ ಕೂತು. “ಆ ಮೂರು ವರ್ಷ ಸ್ಕ್ಯಾನಿಂಗು, ಇಂಜೆಕ್ಷನ್ನು, ಹರಕೆ... ಎಲ್ಲಾ ನನಗೊಬ್ಬಳಿಗೇ. ನನ್ನ ರಿಪೋರ್ಟೆಲ್ಲಾ ಸರಿ ಇದ್ವು. ಗಂಡನೂ ಒಂದು ಟೆಸ್ಟ್ ಮಾಡಿಸ್ಲಿ ಅಂದಿದ್ದಕ್ಕೆ ಕೆನ್ನೆಗೆ ಹೊಡೆದ. ಗಂಡಸಿಗೆ ಟೆಸ್ಟ್ ಯಾಕೆ ಅಂತ!”

ವೀರೇಶ್ ಬೆಚ್ಚಿ ನೋಡಿದ.

“ಯಾರೂ ಹೇಳದಿದ್ರೂ ನೀವೇ ಹೋಗಿ ರಕ್ತ ಕೊಟ್ಟು ಬಂದ್ರಿ. ನನಗೋಸ್ಕರ! ನನಗೆ ಅದಕ್ಕಿಂತ ಇನ್ನೇನು ಬೇಕ್ರಿ? ಆದ್ರೆ ಒಬ್ಬರೇ ತೀರ್ಮಾನ ಮಾಡಿ ನನ್ನ ದೂರ ಇಡಬ್ಯಾಡ್ರಿ. ಡಾಕ್ಟರ್ ಹತ್ರ ಇಬ್ಬರೂ ಹೋಗಾಣ.”

ಆ ವಾರವೇ ಇಬ್ಬರೂ ದಾವಣಗೆರೆಯಲ್ಲಿ ಹಾರ್ಮೋನು ತಜ್ಞೆಯೊಬ್ಬರನ್ನು ಕಂಡರು. ಅವರು ಎರಡೂ ರಿಪೋರ್ಟ್ ನೋಡಿ, “ಯಾವ ಹೊತ್ತಿಗೆ ರಕ್ತ ಕೊಟ್ಟಿದ್ರಿ?” ಎಂದರು.

“ಸಂಜೆ, ಶಿಫ್ಟ್ ಮುಗಿಸಿ.”

“ಇದನ್ನ ಬೆಳಿಗ್ಗೆ ಖಾಲಿ ಹೊಟ್ಟೇಲಿ ನೋಡ್ಬೇಕು. ಸಂಜೆಗೆ ತಾನಾಗೇ ಇಳಿದಿರುತ್ತೆ. ಗೊರಕೆ ಹೊಡೀತೀರಾ?”

“ಹಾಲ್‌ನಾಗೆ ಲೇಥ್ ಓಡ್ಸಿದಂಗೆ ಅಂತಾಳೆ ಅವ್ವ.”

ಡಾಕ್ಟರ್ ನಕ್ಕರು. ಬೆಳಗಿನ ರಕ್ತ, ವೀರ್ಯ, ನಿದ್ದೆ ಎಲ್ಲದರ ಪರೀಕ್ಷೆಯೂ ಆಯಿತು. ವೀರ್ಯದ ರಿಪೋರ್ಟ್ ಚೆನ್ನಾಗಿತ್ತು. ಹಾರ್ಮೋನು ಬೆಳಿಗ್ಗೆಯೂ ಗಡಿಯ ಹತ್ತಿರವೇ, ಮುನ್ನೂರ ಹನ್ನೆರಡು. ನಿದ್ದೆಯಲ್ಲಿ ಅವನ ಉಸಿರು ಗಂಟೆಗೆ ಇಪ್ಪತ್ತು ಸಲ ಕಟ್ಟುತ್ತಿತ್ತು.

“ನಿಜವಾಗ್ಲೂ ಬೇಕಾದವರಿಗೆ ಈ ಔಷಧ ದೊಡ್ಡ ಉಪಕಾರ” ಎಂದರು ಡಾಕ್ಟರ್. “ನಿಮಗೆ ಮಗುವಿನ ಆಸೆ ಇದೆ, ಅಂಕಿ ಗಡಿ ಹತ್ತಿರಾನೇ ಇದೆ. ನಿದ್ದೆ ಕೆಟ್ರೆ, ತೂಕ ಏರಿದ್ರೆ ಸುಸ್ತೂ ಆಗುತ್ತೆ, ಹಾರ್ಮೋನೂ ಇಳಿಯುತ್ತೆ, ಮೊದಲು ಅವನ್ನ ಸರಿ ಮಾಡೋಣ. ನಿಮ್ಮ ಅಭಿಪ್ರಾಯ ಏನು?”

ವೀರೇಶ್ ರಶ್ಮಿತಾಳ ಕಡೆ ನೋಡಿದ.

“ನನ್ನ ನೋಡಬ್ಯಾಡ್ರಿ, ಮೈ ನಿಮ್ದು” ಎಂದಳು ಅವಳು. “ತಡಕೊಳ್ಳಾಕೆ ಆಗಲ್ಲ ಅಂದ್ರೆ ಶುರು ಮಾಡ್ರಿ. ಮಗು ಸಲುವಾಗಿ ನೀವು ನರಳೋದು ನನಗೆ ಬ್ಯಾಡ.”

ಅವನು ರಿಪೋರ್ಟುಗಳನ್ನು ಮಡಚಿ ಜೇಬಿಗಿಟ್ಟ. “ಇಂಜೆಕ್ಷನ್ ಇಲ್ದೆ ನಾಲ್ಕು ತಿಂಗಳು ನೋಡ್ತೀನಿ ಮೇಡಂ.”

ಅದೇನೂ ಸುಲಭವಾಗಿರಲಿಲ್ಲ. ಮೂಗಿಗೆ ಮಾಸ್ಕ್ ಹಾಕುವ ಉಸಿರಿನ ಮಿಷನ್ನು ಕಟ್ಟಿಕೊಂಡು ಮಲಗುವುದೆಂದರೆ ಮೊದಮೊದಲು ಅವನಿಗೆ ಹಿಂಸೆ. ಡಾಕ್ಟರ ಪತ್ರ ಕೊಟ್ಟು ಹಗಲಿನ ಜನರಲ್ ಶಿಫ್ಟ್ ಬೇಡಿ ಪಡೆದ. ಎರಡು ಸಲ ಎಲ್ಲ ಬಿಡುತ್ತೇನೆ ಎಂದು ರೇಗಿದ. ಅವಳು ವಾದಿಸಲಿಲ್ಲ, ದಿನಾ ಬೆಳಿಗ್ಗೆ ಫೋನ್ ಮಾಡಿ, “ನಿದ್ದೆ ಬಂತಾ?” ಎಂದಷ್ಟೇ ಕೇಳುತ್ತಿದ್ದಳು.

ನಾಲ್ಕು ತಿಂಗಳ ನಂತರ ಅಂಕಿ ಮುನ್ನೂರ ಎಪ್ಪತ್ತಕ್ಕೆ ಬಂದಿತ್ತು. ಭಾರೀ ಏರಿಕೆಯೇನಲ್ಲ.

“ಹೇಗಿದ್ದೀರಿ?” ಎಂದರು ಡಾಕ್ಟರ್.

“ಮುಂಜಾನೆ ಎದ್ದಾಗ ಮೈ ಹಗುರ ಐತೆ ಮೇಡಂ. ಎಷ್ಟೋ ವರ್ಷ ಆಗಿತ್ತು. ಇಂಜೆಕ್ಷನ್ ಈಗ ಬ್ಯಾಡ. ಮುಂದೆ ಬೇಕಾದ್ರೆ ನಾಚಿಕೆ ಇಲ್ದೆ ಬಂದು ಕೇಳ್ತೀನಿ.”

ಹೊರಗೆ ಬಂದವನೇ ತಾಯಿಗೆ ಫೋನ್ ಹಚ್ಚಿದ. ರಿಪೋರ್ಟು, ರಶ್ಮಿತಾಳ ಹಳೆಯ ಮದುವೆ, ತಮ್ಮ ಪ್ರೀತಿ... ಒಂದನ್ನೂ ಮುಚ್ಚಿಡಲಿಲ್ಲ. ರಶ್ಮಿತಾ ಕಿವಿಯನ್ನು ಫೋನಿನ ಹತ್ತಿರ ತಂದಳು.

“ಹುಡುಗಿ ಕೈಗೆ ಕೊಡು” ಎಂಬ ದನಿ ಕೇಳಿಸಿತು.

“ಅ... ಅಮ್ಮಾ...”

“ತಾಯೀ, ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದವ ಇವನು. ಎಲ್ಲಾರೂ ನನ್ನ ಬಂಜೆ ಅಂದಾಗ ಇವರಪ್ಪ ಒಬ್ರೇ ನನ್ನ ಪಕ್ಕ ನಿಂತಿದ್ರು. ಅವರ ಪುಣ್ಯ, ನನ್ನ ಮಗನ ಪಕ್ಕ ನೀ ನಿಂತಿ. ಮಕ್ಕಳು ಶಿವ ಕೊಟ್ಟಾಗ ಆಗ್ತಾವೆ. ನಿಮ್ಮ ಮನೆಗೆ ಯಾವಾಗ ಬರ್ಲಿ, ಅದನ್ನ ಹೇಳು ಮೊದ್ಲು.”

ರಶ್ಮಿತಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣೀರು ಧಾರಾಕಾರವಾಗಿ ಹರಿಯಿತು. ಇಷ್ಟು ವರ್ಷಗಳಲ್ಲಿ ಅವಳು ಸಂತೋಷಕ್ಕೆ ಅತ್ತಿದ್ದು ಅದೇ ಮೊದಲು.

ವೀರೇಶ್ ಕರವಸ್ತ್ರ ಚಾಚಿದ. “ಅವ್ವ ಕೇಳಿದ್ದಕ್ಕೆ ಉತ್ತರ ಕೊಡ್ರಿ.”

“ಭಾನುವಾರ ಬರ್ಲಿ” ಎಂದಳು ಮೂಗು ಒರೆಸಿಕೊಳ್ಳುತ್ತಾ. “ಆದ್ರೆ ನೀವು ಇನ್ನೂ ನನ್ನ ಕೇಳೇ ಇಲ್ವಲ್ಲ?”

ಅವನು ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. ಆಸ್ಪತ್ರೆಯ ಗೇಟಿನ ಮುಂದೆ ಜನ ನೋಡುತ್ತಿದ್ದರೂ ಬಿಡಲಿಲ್ಲ.

“ಹುಷಾರಿದ್ದಾಗ, ಇಲ್ದಾಗ, ಎರಡಕ್ಕೂ ನನ್ನ ಜೊತೆ ಇರ್ತೀಯಾ ರಶ್ಮಿ?”

ಮೊದಲ ಸಲ ಅವನ ಬಾಯಲ್ಲಿ ಏಕವಚನ! ಅವಳು ಕೆಂಪಾದಳು.

“ಇರ್ತೀನಿ ರೀ... ಗೊರಕೆ ಹೊಡೆದ್ರೂ ಇರ್ತೀನಿ.”