ಕೆಂಪು ನೂಲಿನ ಹಗ್ಗ

ಇದು ನಡೆದದ್ದು ಬಹಳ ಹಿಂದೆ, ಕೆಂಬಾರೆ ರಾಜ್ಯದಲ್ಲಿ, ಉದಯಮಲ್ಲ ರಾಜನ ಆಳ್ವಿಕೆಯ ಹನ್ನೆರಡನೆಯ ವರ್ಷ, ಸುಗ್ಗಿ ಮುಗಿದ ಮರುದಿನ.

ಆ ದಿನ ಹಗ್ಗದ ಕೇರಿಯ ಬೊಮ್ಮಿ ಎಂಬ ಹುಡುಗಿ ರಾಜಸಭೆಗೆ ಹೋಗಿ, "ಪ್ರಭು, ನಾನು ಬಾವಿಗೆ ಇಳಿಯುತ್ತೇನೆ" ಎಂದಳು.

ಸಭೆ ನಕ್ಕಿತು.

ಬಾವಿಯ ಸಂಗತಿ ಹೀಗೆ. ಊರಾಚೆ ನೀರಿಲ್ಲದ ಒಂದು ಬಾವಿಯಿತ್ತು. ಆಳ ಇನ್ನೂರು ಮಾರು. ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಹಿಂದಿನ ವರ್ಷ ಕಾರಿಂಗ ಎಂಬ ಮಾಂತ್ರಿಕ ಹೊಗೆಯಾಗಿ ಬಂದು ಅದರ ತಳದಲ್ಲಿ ನೆಲೆಸಿದ. "ಪ್ರತಿ ಅಮಾವಾಸ್ಯೆಗೆ ಒಬ್ಬರು ನನಗೆ ಬೇಕು" ಎಂದು ಬಾವಿಯೊಳಗಿಂದ ಕೂಗಿದ. ಅವನನ್ನು ಕೊಲ್ಲಲು ರಾಜಕುಮಾರ ವೀರಕೇತು ಹೊರಟ. ಹಗ್ಗ ಹೊಸೆದವನು ಬೊಮ್ಮಿಯ ಅಪ್ಪ ಚೌಡಯ್ಯ. ಹೊಸೆದವನೇ ಮೊದಲು ಇಳಿಯಬೇಕು ಎಂಬುದು ಕೇರಿಯ ನಿಯಮ. ಚೌಡಯ್ಯ ಮುಂದೆ, ರಾಜಕುಮಾರ ಹಿಂದೆ ಇಳಿದರು. ಹಗ್ಗ ನಡುವೆ ಹರಿಯಿತು.

ಆ ಬಾವಿಗೆ ಬಿದ್ದವರು ಸಾಯುವುದಿಲ್ಲ, ಕಲ್ಲಾಗುತ್ತಾರೆ. "ವರ್ಷ ತುಂಬುವವರೆಗೆ ಅವರೊಳಗೆ ಜೀವವಿದೆ. ತುಂಬಿದ ದಿನ ಸೂರ್ಯ ಮುಳುಗಿದರೆ ಬರೀ ಕಲ್ಲು" ಎಂದು ಕಾರಿಂಗನೇ ಕೂಗಿ ಹೇಳಿ ನಕ್ಕಿದ್ದ. ಆಮೇಲೆ ಅಮಾವಾಸ್ಯೆಗೊಮ್ಮೆ ಕಪ್ಪು ಗಾಳಿ ಬಂದು ಒಬ್ಬೊಬ್ಬರನ್ನು ಒಯ್ಯಿತು. ಹೀಗೆ ಹನ್ನೊಂದು ಮಂದಿ ಹೋದರು.

ಚೌಡಯ್ಯ ಬಿದ್ದು ವರ್ಷ ತುಂಬಲು ಇನ್ನು ಹದಿನೆಂಟು ದಿನ ಉಳಿದಿತ್ತು.

"ನಿನ್ನ ಅಪ್ಪನ ಹಗ್ಗ ಅರ್ಧ ದಾರಿಗಾದರೂ ಹೋಯಿತು. ನಿನ್ನದು ಬಾವಿಕಟ್ಟೆ ದಾಟುತ್ತದೋ?" ಎಂದ ಕೇರಿಯ ಯಜಮಾನ ಮಂಚಯ್ಯ.

"ಆಗದ ಮಾತು" ಎಂದ ದೋಣಿಯ ಹೊಳೆಯಣ್ಣ.

"ಹಗ್ಗ ಅಂದರೆ ಜಡೆ ಹೆಣೆದ ಹಾಗಲ್ಲ, ಹುಡುಗಿ" ಎಂದಳು ಅರಮನೆಯ ಕಣಜ ಕಾಯುವ ಸಾತಕ್ಕ.

ಬೊಮ್ಮಿಗೆ ಎಣಿಸುವ ಅಭ್ಯಾಸ, ಅಪ್ಪನಿಂದ ಬಂದದ್ದು. ಆಗದು ಎಂದವರನ್ನು ಎಣಿಸಿದಳು. ನಲವತ್ತೊಂದು ಮಂದಿ.

ರಾಜ ಮಾತ್ರ ನಗಲಿಲ್ಲ. ಅವನು ವರ್ಷದಿಂದ ನಕ್ಕಿರಲಿಲ್ಲ. "ಹಗ್ಗ ತಾ, ನೋಡೋಣ" ಎಂದ.

ಬೊಮ್ಮಿ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಗಿದರೂ ಅವಮಾನ ಎದೆಯಲ್ಲಿ ಕೆಂಡದಂತೆ ಉಳಿದಿತ್ತು. ಕೆಂಡವಿದ್ದರೆ ಒಲೆ ಹಚ್ಚಬಹುದು ಎಂದುಕೊಂಡು ಎದ್ದಳು.

ಮೊದಲು ಬಾವಿಕಟ್ಟೆಗೆ ಹೋದಳು. ಅಪ್ಪನ ಹಗ್ಗದ ಮೇಲಿನ ಅರ್ಧ ಅಲ್ಲಿಯೇ ಬಿದ್ದಿತ್ತು. ತುದಿಯಲ್ಲಿ ಚಿನ್ನದ ತಂತಿ ಸುತ್ತಿತ್ತು. ಅದನ್ನು 'ಸೋಲದ ಹಗ್ಗ' ಎಂದು ಕರೆದು ತಂತಿ ಸುತ್ತಿಸಿದವನು ರಾಜನೇ. ಬೊಮ್ಮಿ ಹಗ್ಗವನ್ನು ಗೇಣು ಗೇಣಾಗಿ ಕೈಯಲ್ಲಿ ಸವರಿ ನೋಡಿದಳು. ಎಲ್ಲಿಯೂ ಕೆಂಪು ನೂಲಿರಲಿಲ್ಲ.

ಅದು ಆಗಬಾರದ ಸಂಗತಿ. ಹಗ್ಗದ ಕೇರಿಯಲ್ಲಿ ಹೊಸ ಹಗ್ಗವನ್ನು ಮೂರು ದಿನ ಬೀದಿಯಲ್ಲಿ ಕಂಬದಿಂದ ಕಂಬಕ್ಕೆ ಎಳೆದು ಕಟ್ಟುತ್ತಾರೆ. ಇದು ಹರಿಯುತ್ತದೆ ಎಂದು ಅನ್ನಿಸಿದವರು ಆ ಜಾಗಕ್ಕೆ ಕೆಂಪು ನೂಲು ಕಟ್ಟಿ ಕಾರಣ ಹೇಳಬೇಕು. ಹೊಸೆದವರು ಸರಿಪಡಿಸಬೇಕು. ಆಮೇಲೆ ನೂಲು ಕಟ್ಟಿದವರೇ ಅಲ್ಲಿ ನೇತಾಡಿ ನೋಡಬೇಕು. ನೂಲನ್ನು ಬಿಚ್ಚುವಂತಿಲ್ಲ. ನೂಲಿಲ್ಲದ ಹಗ್ಗವನ್ನು ಆ ಕೇರಿಯಲ್ಲಿ ಎಮ್ಮೆ ಕಟ್ಟಲೂ ಕೊಳ್ಳುತ್ತಿರಲಿಲ್ಲ.

ರಾಜ ಹೊಗಳಿದ ಹಗ್ಗಕ್ಕೆ ನೂಲು ಕಟ್ಟುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಬೊಮ್ಮಿ ಹತ್ತು ದಿನ ಪುಂಡಿ ನಾರು ಹೊಸೆದಳು. ಹನ್ನೊಂದನೆಯ ದಿನ ಇನ್ನೂರು ಮಾರು ಹಗ್ಗವನ್ನು ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆದು ಕಟ್ಟಿದಳು. ಕೆಂಪು ನೂಲಿನ ಉಂಡೆ ಹಿಡಿದು ಮನೆಮನೆಗೆ ಹೋದಳು.

"ಹೊಳೆಯಣ್ಣ, ಆಗದು ಎಂದೆಯಲ್ಲ. ಯಾಕೆ ಆಗದು?"

ಹೊಳೆಯಣ್ಣ ಗಲಿಬಿಲಿಗೊಂಡ. ಆಗದು ಎನ್ನುವುದು ಸುಲಭ, ಯಾಕೆ ಎಂದು ಅವನು ಯೋಚಿಸಿರಲಿಲ್ಲ. ಬಂದು ಹಗ್ಗ ಮುಟ್ಟಿ ನೋಡಿದ. "ಒದ್ದೆಯಾದರೆ ಇದರ ಹುರಿ ಬಿಚ್ಚಿಕೊಳ್ಳುತ್ತದೆ. ದೋಣಿ ಕಟ್ಟುವವನಿಗೆ ಗೊತ್ತು" ಎಂದು ಅರವತ್ತನೆಯ ಮಾರಿನಲ್ಲಿ ನೂಲು ಕಟ್ಟಿದ.

ಸಾತಕ್ಕ ನೂರಿಪ್ಪತ್ತನೆಯ ಮಾರಿನಲ್ಲಿ ಕಟ್ಟಿದಳು. "ನಾರಿನ ವಾಸನೆ ಸಿಹಿಯಾಗಿದೆ. ಇಲಿ ಬಿಡುತ್ತದೆಯೆ?"

ಕೇರಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ಕದ್ರಜ್ಜಿ ಕೋಲೂರಿಕೊಂಡು ಬಂದಳು. ಹಗ್ಗ ನೋಡಲಿಲ್ಲ, ಬೊಮ್ಮಿಯ ಅಂಗೈ ನೋಡಿದಳು. ತುದಿಯಲ್ಲಿ ನೂಲು ಕಟ್ಟಿ, "ಹಗ್ಗ ಹರಿಯಲ್ಲ ಮಗಾ, ಕೈ ಜಾರುತ್ತೆ. ಇನ್ನೂರು ಮಾರು ಇಳಿಯೋ ಕೈಯಾ ಇದು?" ಎಂದಳು.

"ಯಾವ ಕೈ ಆದರೆ ಆಗುತ್ತದೆ, ಅಜ್ಜಿ?"

"ಸಾವಿರ ಎಣಿಸೋವರೆಗೆ ನೇತಾಡೋ ಕೈ."

ಬೊಮ್ಮಿ ಆಗಲೇ ನೇತಾಡಿದಳು. ನಲವತ್ತು ಎಣಿಸುವಷ್ಟರಲ್ಲಿ ಬಿದ್ದಳು. ಅಜ್ಜಿ ಮೂಗು ಮುರಿದಳು.

ಮೂರು ದಿನದಲ್ಲಿ ನಲವತ್ತು ಮಂದಿ ನೂಲು ಕಟ್ಟಿದರು. ಬಾರದವನು ಮಂಚಯ್ಯ ಒಬ್ಬನೇ. ಬೊಮ್ಮಿ ಅವನ ಜಗಲಿಯ ಮುಂದೆ ನಿಂತಳು.

"ದೊಡ್ಡಪ್ಪ, ಕಾರಣ ಹೇಳಿ."

"ಕಾರಣ ಏನು ಕಾರಣ? ನಿನ್ನಿಂದಾಗದು. ಹೋಗು."

"ಕಾರಣ ಹೇಳದವರಿಗೆ ನೂಲಿಲ್ಲ. ನೂಲಿಲ್ಲದವರ ಮಾತು ಲೆಕ್ಕಕ್ಕಿಲ್ಲ. ಇದು ನೀವೇ ಕಲಿಸಿದ್ದು."

ಮಂಚಯ್ಯ ಎದ್ದು ಬಂದು ನೂರನೆಯ ಮಾರಿನ ಹತ್ತಿರ ನಿಂತ. ಎರಡು ಹಗ್ಗಗಳನ್ನು ಒಂದರೊಳಗೊಂದು ಹೆಣೆದು ಜೋಡಿಸಿದ್ದ ಜಾಗ ಅದು.

"ಹೆಣೆದದ್ದು ಎರಡು ಮೊಳ. ಆರು ಮೊಳ ಬೇಕು. ನಿನ್ನ ಅಪ್ಪನೂ ಎರಡೇ ಮೊಳ ಹೆಣೆದಿದ್ದ. ಅರಮನೆಯವರು ಅವಸರ ಮಾಡಿದ್ದರು." ಅವನು ಬೊಮ್ಮಿಯ ಉಂಡೆಯಿಂದ ನೂಲು ಕಿತ್ತುಕೊಂಡ. "ನಾನು ಅವತ್ತೇ ನೋಡಿದ್ದೆ."

"ನೋಡಿಯೂ ಸುಮ್ಮನಿದ್ದಿರಾ?"

"ರಾಜರು ಹೊಗಳಿದ ಮೇಲೆ ಹೇಗೆ ಹೇಳಲಿ, ಮಗಾ?"

ಮಂಚಯ್ಯ ನೂಲು ಕಟ್ಟಿದ. ಅದು ನಲವತ್ತೊಂದನೆಯದು.

ಇಳಿಯುವ ದಿನ ಬಿಟ್ಟರೆ ಉಳಿದದ್ದು ನಾಲ್ಕು ದಿನ. ಬೊಮ್ಮಿ ಜೋಡಣೆ ಬಿಚ್ಚಿ ಆರು ಮೊಳ ಹೆಣೆದಳು. ಬಹಳ ಕಹಿಯಾದ ಕಾಸರಕದ ಕಷಾಯದಲ್ಲಿ ಹಗ್ಗ ನೆನೆಸಿ ಒಣಗಿಸಿದಳು. ಅದರ ಮೇಲೆ ಜೇನುಮೇಣ ತಿಕ್ಕಿದಳು. ಉಳಿದವರು ತೋರಿಸಿದ್ದನ್ನೂ ಒಂದೊಂದಾಗಿ ಸರಿಪಡಿಸಿದಳು. ಕೈ ಸೋತಾಗ ಸಭೆಯ ನಗು ನೆನೆಯುತ್ತಿದ್ದಳು, ಕೈ ಮತ್ತೆ ಓಡುತ್ತಿತ್ತು. ಬೆಳಿಗ್ಗೆ ಸಂಜೆ ಬೇವಿನ ಕೊಂಬೆಯಲ್ಲಿ ನೇತಾಡುತ್ತಿದ್ದಳು. ಇನ್ನೂರು ಎಣಿಸಿದಳು. ಐನೂರು ಎಣಿಸಿದಳು. ಕೊನೆಯ ಸಂಜೆ ಸಾವಿರ ಎಣಿಸಿ ಇಳಿದಾಗ ಅಂಗೈಯಲ್ಲಿ ರಕ್ತವಿತ್ತು. ನಲವತ್ತೊಂದು ಮಂದಿಯೂ ಬಂದು ತಮ್ಮ ತಮ್ಮ ಜಾಗದಲ್ಲಿ ನೇತಾಡಿ ನೋಡಿದರು. ಎಂಬತ್ತು ವರ್ಷದ ಕದ್ರಜ್ಜಿಯೂ ಸೀರೆ ಎತ್ತಿ ಕಟ್ಟಿಕೊಂಡು ನೇತಾಡಿದಳು. ಹಗ್ಗ ಹರಿಯಲಿಲ್ಲ.

ಹದಿನೆಂಟನೆಯ ದಿನ ಬೆಳಿಗ್ಗೆ ಹಗ್ಗದ ಒಂದು ತುದಿಯನ್ನು ಕಲ್ಲುಕಂಬಕ್ಕೆ ಕಟ್ಟಿ ಬೊಮ್ಮಿ ಇಳಿದಳು. ಇಪ್ಪತ್ತು ಮಾರಿಗೊಂದರಂತೆ ಕಾಲಿಡಲು ಕುಣಿಕೆಗಳಿದ್ದವು. ಅಲ್ಲಿ ನಿಂತು ಉಸಿರು ಬಿಟ್ಟು ಮತ್ತೆ ಇಳಿದಳು.

ಅರವತ್ತನೆಯ ಮಾರಿನಲ್ಲಿ ಅಳುವ ಹಕ್ಕಿ ಕುಳಿತಿತ್ತು. ಮೈಯೆಲ್ಲ ಕಣ್ಣು. ಎಲ್ಲ ಕಣ್ಣಿನಿಂದಲೂ ನೀರು. ಹಗ್ಗ ಬಿಚ್ಚಲಿ ಎಂದು ಅದು ಹಗ್ಗದ ಮೇಲೆ ಅತ್ತಿತು. ಮೇಣದ ಮೇಲೆ ನೀರು ನಿಲ್ಲಲಿಲ್ಲ, ಹನಿಹನಿಯಾಗಿ ಜಾರಿ ಹೋಯಿತು. ಬೊಮ್ಮಿ ಹೊಳೆಯಣ್ಣನ ನೂಲು ಮುಟ್ಟಿ ಕೆಳಗಿಳಿದಳು.

ನೂರಿಪ್ಪತ್ತನೆಯ ಮಾರಿನಲ್ಲಿ ಗೋಡೆಯಿಂದ ಕಬ್ಬಿಣದ ಹಲ್ಲಿನ ಇಲಿಗಳು ಬಂದವು. ಹಗ್ಗ ಕಚ್ಚಿದವು. ಹಲ್ಲು ಮೇಣ ದಾಟಿತು, ನಾರಿಗೆ ತಾಗಿತು. ಒಂದು ಎಳೆ ಟಪ್ಪೆಂದಿತು. ಬೊಮ್ಮಿ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಕಹಿ ತಾಗಿ ಇಲಿಗಳು ಉಗುಳುತ್ತ ಓಡಿದವು. ಬೊಮ್ಮಿ ಸಾತಕ್ಕನ ನೂಲು ಮುಟ್ಟಿ ಕೆಳಗಿಳಿದಳು.

ನೂರೆಂಬತ್ತರ ಕುಣಿಕೆ ದಾಟಿದ ಮೇಲೆ ಬರೀ ಕತ್ತಲೆ. ಕತ್ತಲೆಯಲ್ಲಿ ಒಂದು ದನಿ ಕೇಳಿತು. ಅದು ಮಂಚಯ್ಯನ ದನಿ.

"ನಿನ್ನಿಂದಾಗದು. ಕೈ ಬಿಡು."

"ಯಾಕೆ ಆಗದು?" ಎಂದಳು ಬೊಮ್ಮಿ. ಉತ್ತರವಿಲ್ಲ.

ಇಡೀ ಸಭೆಯ ದನಿ ಬಂತು. "ನಿನ್ನಿಂದಾಗದು. ಕೈ ಬಿಡು."

"ಯಾಕೆ ಆಗದು?" ಉತ್ತರವಿಲ್ಲ.

ಮೂರನೆಯ ಸಲ ಬಂದದ್ದು ಅಪ್ಪನ ದನಿ. "ಬೊಮ್ಮಿ, ನಿನ್ನಿಂದಾಗದು ಮಗಳೇ. ಸುಸ್ತಾಗಿದ್ದೀ. ಕೈ ಬಿಡು."

ಬೊಮ್ಮಿಯ ಬೆರಳು ಸಡಿಲವಾದವು. ಒಂದು ಗೇಣು ಜಾರಿದಳು. ಅಂಗೈಯ ಹುಣ್ಣು ಒಡೆಯಿತು. ಕೊನೆಯ ಕುಣಿಕೆ ಬಿಟ್ಟಾಗಿನಿಂದ ಎಣಿಸುತ್ತಿದ್ದಳು, ಎಣಿಕೆ ಆರುನೂರ ನಲವತ್ತಕ್ಕೆ ಬಂದಿತ್ತು. ಆರುನೂರ ನಲವತ್ತೊಂದು ಎಂದು ಜೋರಾಗಿ ಎಣಿಸಿದಳು. "ನೀನು ನನ್ನ ಅಪ್ಪನಲ್ಲ. ಅಪ್ಪನಾಗಿದ್ದರೆ ಕಾರಣ ಹೇಳುತ್ತಿದ್ದ" ಎಂದಳು.

ದನಿ ನಿಂತಿತು. ಕಾಲಿಗೆ ನೆಲ ತಾಗಿತು.

ತಳದಲ್ಲಿ ಹಸಿರು ಬೆಳಕಿತ್ತು. ಹದಿಮೂರು ಕಲ್ಲುಗಳು ಸಾಲಾಗಿ ನಿಂತಿದ್ದವು. ಕೊನೆಯ ಎರಡು ಕಲ್ಲು ಅಪ್ಪ ಮತ್ತು ರಾಜಕುಮಾರ. ಅವುಗಳ ಮೇಲೆ ಕಾರಿಂಗ ಹೊಗೆಯಾಗಿ ಹರಡಿದ್ದ. ಹೊಗೆಯನ್ನು ಕಡಿಯಲಾಗದು, ಕಟ್ಟಲಾಗದು. ಬೊಮ್ಮಿಯ ಬಳಿ ಕತ್ತಿಯೂ ಇರಲಿಲ್ಲ. ಸೊಂಟದಲ್ಲಿ ಮಿಕ್ಕ ಕೆಂಪು ನೂಲಿತ್ತು.

"ಇಳಿದೆಯಲ್ಲ. ಹತ್ತಲು ಆಗದು" ಎಂದ ಕಾರಿಂಗ.

"ಯಾಕೆ?"

ಕಾರಿಂಗನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವನಿಗೆ ಸಿಟ್ಟು ಬಂತು. "ಯಾಕೆಂದರೆ ಈ ಹಗ್ಗ ಹರಿಯುತ್ತದೆ. ನನ್ನ ಭಾರ ಬಿದ್ದರೆ ಹರಿಯುತ್ತದೆ."

"ಎಲ್ಲಿ?"

"ಇಲ್ಲಿಂದ ಇಪ್ಪತ್ತು ಮಾರು ಮೇಲೆ."

ಬೊಮ್ಮಿ ನೂಲು ಚಾಚಿದಳು. "ಹಾಗಾದರೆ ಅಲ್ಲಿ ಇದನ್ನು ಕಟ್ಟಿ, ನೀವೇ ನೇತಾಡಿ ತೋರಿಸಿ. ಅದು ನಮ್ಮ ಕೇರಿಯ ನಿಯಮ. ಹೊಗೆ ನೇತಾಡಲಾರದು, ಮೈ ತೆಗೆದುಕೊಳ್ಳಬೇಕಾಗುತ್ತದೆ. ಹೆದರಿಕೆಯಾದರೆ ಬೇಡ. ನಮ್ಮ ಕದ್ರಜ್ಜಿಗೆ ಎಂಬತ್ತು ವರ್ಷ, ಅವಳು ನೇತಾಡಿದ್ದಾಳೆ."

ಹಗ್ಗ ಹರಿದರೆ ಈ ಹುಡುಗಿಯೂ ಇಲ್ಲಿಯೇ ಕಲ್ಲಾಗುತ್ತಾಳೆ ಎಂದು ಕಾರಿಂಗ ಲೆಕ್ಕ ಹಾಕಿದ. ನೂಲು ಕಸಿದುಕೊಂಡು ಮೇಲೇರಿ ಕಟ್ಟಿದ. ಮನುಷ್ಯನ ಮೈ ತೆಗೆದುಕೊಂಡು ಎರಡೂ ಕೈಯಲ್ಲಿ ಹಗ್ಗ ಹಿಡಿದು ನೇತಾಡಿದ.

ಬೊಮ್ಮಿ ಗೋಡೆಗೆ ಒತ್ತಿಕೊಂಡು ನಿಂತಳು. ಇದ್ದದ್ದು ಒಂದೇ ಹಗ್ಗ.

ಹಗ್ಗ ಹರಿಯಲಿಲ್ಲ.

ಕಾರಿಂಗ ಮಂತ್ರ ಹೇಳಿದ. ನಾಲ್ಕು ಕಲ್ಲುಗಳ ಭಾರ ಅವನ ಮೈಗೆ ಬಂತು. ಭಾರ ಹೋದ ಕಲ್ಲುಗಳು ಮನುಷ್ಯರಾಗಿ ಕಣ್ಣು ಬಿಟ್ಟವು. ಕಾರಿಂಗ ಕೆಳಗೆ ನೋಡಲಿಲ್ಲ, ಅವನ ಕಣ್ಣು ಹಗ್ಗದ ಮೇಲಿತ್ತು. ಹಗ್ಗ ಬಿಗಿಯಿತು, ಹರಿಯಲಿಲ್ಲ.

ಎರಡನೆಯ ಸಲ ಮಂತ್ರ ಹೇಳಿದ. ಇನ್ನೂ ಏಳು ಕಲ್ಲುಗಳ ಭಾರ ಬಂತು. ಮೇಲೆ, ಕತ್ತಲೆಯಲ್ಲಿ, ನೂರನೆಯ ಮಾರಿನ ಜೋಡಣೆ ಕಿರ್ರೆಂದಿತು. ಬೊಮ್ಮಿ ಉಸಿರು ಹಿಡಿದಳು. ಆರು ಮೊಳ, ಆರು ಮೊಳ ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ಹರಿಯಲಿಲ್ಲ.

ಉಳಿದದ್ದು ಎರಡು ಕಲ್ಲು. ಅವುಗಳ ಭಾರ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಅವು ಎಲ್ಲಕ್ಕಿಂತ ಹಳೆಯವು. ಕಾರಿಂಗ ಅದನ್ನೂ ಎಳೆದುಕೊಂಡ. ಅವನ ಮೈ ಕಾಲಿನಿಂದ ಕುತ್ತಿಗೆಯವರೆಗೆ ಕಲ್ಲಾಯಿತು. ಕಲ್ಲು ಮತ್ತೆ ಹೊಗೆಯಾಗಲಾರದು. ಅದು ಅವನಿಗೆ ಆಗ ತಿಳಿಯಿತು.

ಹಗ್ಗ ಹರಿಯಲಿಲ್ಲ. ಕೈ ಜಾರಿತು.

ಅವನು ಸಾವಿರ ಎಣಿಸಿದವನಲ್ಲ. ಇಪ್ಪತ್ತು ಮಾರು ಕೆಳಗೆ ಬಿದ್ದು ಪುಡಿಪುಡಿಯಾದ. ಹಸಿರು ಬೆಳಕು ಆರಿತು. ಬಾವಿಯ ಬಾಯಿಯಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ತಳಕ್ಕೆ ಇಳಿಯಿತು.

ಚೌಡಯ್ಯ ಕಣ್ಣುಜ್ಜಿಕೊಂಡು ಮೊದಲು ಹಗ್ಗ ಮುಟ್ಟಿ ನೋಡಿದ. "ಯಾರು ಹೊಸೆದದ್ದು?"

"ನಾನು."

"ಮೇಲಕ್ಕೆಲ್ಲ ಕೆಂಪು ಕಾಣುತ್ತಿದೆ. ಇಷ್ಟೊಂದು ನೂಲೇ?"

"ಎಲ್ಲರೂ ಆಗದು ಅಂದರು, ಅಪ್ಪ."

"ಪುಣ್ಯವಂತೆ" ಎಂದ ಚೌಡಯ್ಯ.

ಬೊಮ್ಮಿ ಹಗ್ಗವನ್ನು ಮೂರು ಸಲ ಜಗ್ಗಿದಳು. ಮೇಲೆ ನಲವತ್ತೊಂದು ಮಂದಿ ಹಗ್ಗ ಹಿಡಿದು ಒಬ್ಬೊಬ್ಬರನ್ನಾಗಿ ಎಳೆದುಕೊಂಡರು. ಹೊಸೆದವಳು ಕೊನೆಗೆ ಬಂದಳು. ಅವಳ ತಲೆ ಬಾವಿಕಟ್ಟೆಯ ಮೇಲೆ ಕಂಡಾಗ ಸೂರ್ಯ ಇನ್ನೂ ಒಂದು ಮಾರು ಎತ್ತರದಲ್ಲಿದ್ದ. ಮಂಚಯ್ಯ ಚೌಡಯ್ಯನ ಕಾಲು ಹಿಡಿದ. ಚೌಡಯ್ಯ ಅವನನ್ನು ಎಬ್ಬಿಸಿ, "ಇನ್ನು ಮೇಲೆ ಬಾಯಿ ಬಿಡು" ಎಂದಷ್ಟೇ ಹೇಳಿದ.

ರಾಜ ಮಗನನ್ನು ಅಪ್ಪಿಕೊಂಡು ವರ್ಷದ ಮೇಲೆ ನಕ್ಕ. "ಈ ಹಗ್ಗಕ್ಕೆ ತುದಿಯಿಂದ ತುದಿಗೆ ಚಿನ್ನ ಸುತ್ತಿಸುತ್ತೇನೆ" ಎಂದ.

"ಬೇಡ ಪ್ರಭು" ಎಂದಳು ಬೊಮ್ಮಿ. "ಚಿನ್ನ ಸುತ್ತಿದರೆ ನೂಲು ಕಾಣುವುದಿಲ್ಲ."

ರಾಜ ತಲೆ ತಗ್ಗಿಸಿದ. ಅಂದಿನಿಂದ ಅರಮನೆಯ ಹಗ್ಗಗಳನ್ನೂ ಮೂರು ದಿನ ಬೀದಿಯಲ್ಲಿ ಕಟ್ಟುವಂತೆ ಆಜ್ಞೆಯಾಯಿತು.

ಹದಿಮೂರು ಮನೆಗಳಲ್ಲಿ ಮತ್ತೆ ಎಲ್ಲರೂ ಕೂಡಿ ಉಂಡರು. ಅಮಾವಾಸ್ಯೆ ಬಂದರೆ ಯಾರೂ ಬಾಗಿಲು ಭದ್ರಪಡಿಸಲಿಲ್ಲ. ಹಗ್ಗವನ್ನು ಕೇರಿಯ ಬೇವಿನ ಮರಕ್ಕೆ ಹಲವು ಸುತ್ತು ಹಾಕಿ ಉಯ್ಯಾಲೆಯಾಗಿ ಕಟ್ಟಿದರು. ಮಕ್ಕಳು ಆಡುವಾಗ ಅದರ ಕೆಂಪು ನೂಲುಗಳನ್ನು ಎಣಿಸುತ್ತಾರೆ. ಕಾರಿಂಗ ಕಟ್ಟಿದ್ದೂ ಸೇರಿ ನಲವತ್ತೆರಡು.