ಅರಿಶಿಣದ ಇಲಿಗಳು

ಜೂನ್ 10, ಸೋಮವಾರ, ಬೆಳಿಗ್ಗೆ 10.20. ಜಮಖಂಡಿ ಠಾಣೆಗೆ ಬಂದ ದೂರು ಹನ್ನೆರಡು ಬಿಳಿ ಇಲಿಗಳ ಕಳವಿನದ್ದು. ಹೆಡ್ ಕಾನ್‌ಸ್ಟೇಬಲ್ ಅಮಸಿದ್ದಪ್ಪ ನಕ್ಕೇಬಿಟ್ಟ. ಫಾರ್ಮಸಿ ಕಾಲೇಜಿನ ಸಂಶೋಧಕಿ ಉಜ್ವಲಾ ನಗಲಿಲ್ಲ. ಅವಳ ನಾಲ್ಕು ವರ್ಷದ ಪಿಎಚ್‌ಡಿ ಆ ಇಲಿಗಳ ತಲೆಯೊಳಗಿತ್ತು.

"ಪಂಜರದಾಗ ಹನ್ನೆರಡು ಅದಾವ ಅಂತೀರಲ್ಲ?" ಪಿಎಸ್‌ಐ ವೈಶಾಲಿ ಕೇಳಿದರು.

"ಅದಾವ್ರಿ, ಆದ್ರ ನನ್ನವಲ್ಲ. ನನ್ನ ಇಲಿಗಳ ಮೆದುಳಿಗೆ ಅಂಜಿಕಿ ಹುಟ್ಟಿಸೋ ಪೆಪ್ಟೈಡ್ ಕೊಟ್ಟೇನ್ರಿ. ಅವು ಪಂಜರದ ಮೂಲಿ ಬಿಟ್ಟು ಬರೂದಿಲ್ಲ. ಅಡ್ರಿನಾಲಿನ್ ತಡಿಯೋ ಔಷಧ ಕೊಟ್ರಷ್ಟ ಧೈರ್ಯ ಬರತೈತಿ. ಇವು ಔಷಧ ಇಲ್ಲದನ ರಾಜಾರೋಷ ಅಡ್ಡಾಡಾಕತ್ತಾವ."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಪ್ರಯೋಗಾಲಯದ ಪಂಚನಾಮೆ. ಬೀಗ ಮುರಿದಿರಲಿಲ್ಲ. ಇಲಿಗಳ ಬೆನ್ನ ಮೇಲೆ ಉಜ್ವಲಾ ಹಚ್ಚುವಂಥದೇ ಗುರುತಿನ ಹಳದಿ ಬಣ್ಣವೂ ಇತ್ತು. ಆದರೆ ಆ ಬಣ್ಣದ ಸೀಸೆ ಉಜ್ವಲಾಳ ಕಪಾಟಿನಲ್ಲಿ ಬೀಗದೊಳಗೆ ಭದ್ರವಾಗಿತ್ತು. ಅಮಸಿದ್ದಪ್ಪ ತಂಬಾಕಿನ ಡಬ್ಬಿಯಿಂದ ಒದ್ದೆ ಸುಣ್ಣ ತೆಗೆದು ಒಂದು ಇಲಿಯ ಬೆನ್ನಿಗೆ ತಿಕ್ಕಿದ. ಹಳದಿ ಕೆಂಪಾಯಿತು.

"ಕಾಲೇಜಿನ ಬಣ್ಣ ಅಲ್ರಿ ಮೇಡಮ್, ಅಡಗಿಮನಿ ಅರಿಶಿಣ."

"ಕೀಲಿ ಯಾರ ಹತ್ರ ಇರತೈತಿ?" ವೈಶಾಲಿ ಉಜ್ವಲಾಳನ್ನು ಕೇಳಿದರು.

"ನನ್ನ ಹತ್ರ, ಗೂಳಪ್ಪ ಕಾಕಾನ ಹತ್ರ. ಇಲಿಗಳಿಗೆ ಕಾಳು-ನೀರು ಹಾಕವ್ರು ಅವರ. ಅವರಂತೂ ಅಲ್ರಿ, ನನಗ ಅಪ್ಪ ಇದ್ದಂಗ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮಧ್ಯಾಹ್ನ 3.10ಕ್ಕೆ, ಹಿಪ್ಪರಗಿಯ ಗೂಳಪ್ಪನ ಮನೆಯಲ್ಲಿ, ತಂತಿಯ ಜಾಲರಿ ಹೊದಿಸಿದ ಹಳೆಯ ಟ್ರಂಕಿನೊಳಗೆ ಹನ್ನೆರಡೂ ಸಿಕ್ಕವು.

"ಕಾಕಾ, ನಿಮ್ಮನ್ನ ಎಷ್ಟು ನಂಬಿದ್ದೆ!"

"ನಾನೂ ನಂಬಿದ್ನೆವ್ವಾ. ಪರೀಕ್ಷೆ ಮುಗದ ಮ್ಯಾಲ ಇವನ್ನ ನಿಮಗ ಕೊಡ್ತೀನಿ ಅಂದಿದ್ದಿ. ಶುಕ್ರವಾರ ಬೋರ್ಡಿನ ಮ್ಯಾಲ ಬರದಿ, ಮಂಗಳವಾರ ಮೆದುಳು ತಗಿಯೂದು ಅಂತ."

ಉಜ್ವಲಾ ತಲೆ ತಗ್ಗಿಸಿದಳು. ಅದು ಆಗದ ಮಾತೆಂದು ಅವಳಿಗೆ ಅಂದೇ ಗೊತ್ತಿತ್ತು.

"ಬಾಜೂಕಿನ ಪಂಜರದಿಂದ ತಂದು ಬದಲಿ ಇಟ್ಟಿಯಲ್ಲ, ಅವಕ್ಕ ಜೀವ ಇಲ್ಲೇನು?" ವೈಶಾಲಿ ಕೇಳಿದರು.

ಗೂಳಪ್ಪ ಟ್ರಂಕಿನ ಜಾಲರಿ ಸರಿಮಾಡಿದ.

"ಐತ್ರಿ. ಅವು ಇನ್ನಾ ನನ್ನ ಗುರುತು ಹಿಡದಿಲ್ರಿ."

4.05ಕ್ಕೆ ಬಂಧನ. ಜೀಪು ಹತ್ತುವ ಮುಂಚೆ ಅವನು ಟ್ರಂಕಿನ ಮೇಲೆ ಬಾಗಿ 'ಚು ಚು' ಎಂದು ಕರೆದ. ಯಾವ ಔಷಧವೂ ಇಲ್ಲದೆ, ಹನ್ನೆರಡೂ ಮೂಲೆ ಬಿಟ್ಟು ಅವನ ಕೈಯತ್ತ ಬಂದವು. ಉಜ್ವಲಾಳಿಗೆ ಅಳು ತಡೆಯಲಾಗಲಿಲ್ಲ.

ಮರುದಿನ ಮಂಗಳವಾರ. ಇಲಿಗಳೀಗ ಕೇಸಿನ ಸಾಕ್ಷ್ಯ, ಮುದ್ದೇಮಾಲು; ಕೇಸು ಮುಗಿಯುವವರೆಗೆ ಅವನ್ನು ಯಾರೂ ಕೊಲ್ಲುವಂತಿರಲಿಲ್ಲ. ಠಾಣೆಯಲ್ಲಿ ಅಮಸಿದ್ದಪ್ಪ ತಾನೇ ಕಾಳು ತಂದು ಹಾಕಿದ, 'ಚು ಚು' ಎಂದೂ ಕರೆದ. ಒಂದೂ ಮೂಲೆ ಬಿಟ್ಟು ಬರಲಿಲ್ಲ.