ತೊಟ್ಟಿಲಾದ ಗಾಲಿ

ಬಹಳ ಬಹಳ ಹಿಂದೆ, ಏಳು ಕಡಲಿನಾಚೆ ಒಂದು ರಾಜ್ಯವಿತ್ತು. ಅಲ್ಲಿ ಎರಡು ಗಾಲಿಯ ಗಾಡಿಗೆ ಕಾರ್ಪೆಂಟ ಅನ್ನುತ್ತಿದ್ದರು, ಅದನ್ನು ಕಟ್ಟುವವನಿಗೆ ಕಾರ್ಪೆಂಟಾರಿ. ಆ ಕೆಲಸದಲ್ಲಿ ವಿಂದೋ ಎಂಬಾತ ಎತ್ತಿದ ಕೈ. ಕಸುಬಿಗೊಂದು ಕಟ್ಟಳೆಯಿತ್ತು: ತಾನು ಮಾಡಿದ ಗಾಲಿಯನ್ನು ತಾನೇ ಒಡೆದವನು ಮತ್ತೆಂದೂ ಗಾಡಿ ಕಟ್ಟಬಾರದು.

ಒಂದು ದಿನ ಮೊರ್ಗನೆಂಬ ಮಾಂತ್ರಿಕ ರಾಜನ ಹಸುಗೂಸನ್ನು ಹೊತ್ತೊಯ್ದ. ಮಗುವಿನ ಅಳುವೇ ಅವನ ಆಹಾರ. ಅದು ಅತ್ತಷ್ಟೂ ಅವನು ಬೆಳೆಯುತ್ತಿದ್ದ. ಸೇನಾಪತಿಗೆ ಸರಿಯಾಗಿ ಅವತ್ತೇ ಸೊಂಟ ಹಿಡಿಯಿತು. ವಿಂದೋ ತನ್ನ ಗಾಡಿಗೆ ಕುದುರೆ ಹೂಡಿ ಹೊರಟ.

ಮೊದಲು ಸೇತುವೆಯಿಲ್ಲದ ಹೊಳೆ ಅಡ್ಡ ಬಂತು. ಗಾಡಿಯ ಹಲಗೆ ಬಿಚ್ಚಿ ದೋಣಿ ಮಾಡಿ, ಗಾಲಿಗಳನ್ನು ಅದರಲ್ಲಿಟ್ಟು ದಾಟಿದ. ಕುದುರೆ ಈಜಿತು. ಆಚೆ ದಡದಲ್ಲಿ ಮತ್ತೆ ಗಾಡಿ ಕಟ್ಟಿದ.

ಆಮೇಲೆ ಮಾಯದ ಕರಡಿ ಅಟ್ಟಿಸಿಕೊಂಡು ಬಂತು. ಗುಹೆಯೊಳಗೆ ನುಗ್ಗಿ, ಅದೇ ಹಲಗೆಗಳಿಂದ ಬಾಗಿಲು ಜಡಿದ. ಕರಡಿ ಗುದ್ದಿ ಗುದ್ದಿ ಸೋತು ಮಣ್ಣಾಗಿ ಉದುರಿತು. ಹಲಗೆಗಳೂ ಪುಡಿಯಾದವು.

"ಗಾಲಿ ಇವೆಯಲ್ಲ, ಗಾಡಿ ಇದ್ದಹಾಗೇ," ಎಂದು ವಿಂದೋ ಸಮಾಧಾನ ಹೇಳಿಕೊಂಡು, ಗಾಲಿಗಳನ್ನು ಕುದುರೆಯ ಮೇಲೆ ಹೇರಿದ.

ಮೂರನೆಯದು ಕಲ್ಲುಬಯಲು. ಮೊರ್ಗ ಬೆಟ್ಟದಷ್ಟು ಬೆಳೆದು ನಿಂತಿದ್ದ. ಅವನ ಕಾಲ ಬಳಿ ಬರಿಗಲ್ಲಿನ ಮೇಲೆ ಮಗು ಅಳುತ್ತಿತ್ತು.

"ನಿನ್ನ ಉಳಿ ನನ್ನನ್ನೇನು ಮಾಡೀತಯ್ಯ?" ಎಂದು ಮೊರ್ಗ ನಕ್ಕ.

"ನಿನ್ನನ್ನು ಏನೂ ಮಾಡುವುದಿಲ್ಲ," ಎಂದ ವಿಂದೋ.

ಮಗು ಮಲಗಬೇಕು, ಅದಕ್ಕೆ ತೊಟ್ಟಿಲು ಬೇಕು. ಸುತ್ತ ಒಂದು ಕಡ್ಡಿಯೂ ಇರಲಿಲ್ಲ, ತನ್ನ ಗಾಲಿಗಳ ಹೊರತು. ಒಡೆದರೆ ಮತ್ತೆಂದೂ ಗಾಡಿ ಕಟ್ಟುವಂತಿಲ್ಲ. ಆದರೂ ಉಳಿಯಿಟ್ಟು ಹೊಡೆದ. ಗಾಲಿಯ ಬಾಗಿದ ತುಂಡುಗಳನ್ನು ತಳಕ್ಕೆ ಕೊಟ್ಟು, ಒಳಗಿನ ಅರೆಕಡ್ಡಿಗಳನ್ನು ಸುತ್ತ ಹೆಣೆದು, ಮಗುವನ್ನು ಮಲಗಿಸಿ ತೂಗಿದ. ಮಗು ನಿದ್ದೆಹೋಯಿತು. ಮೊರ್ಗ ಕುಗ್ಗಿ ಕುಗ್ಗಿ ಹೊಗೆಯಾಗಿ ಹೋದ.

ಕುದುರೆಯ ಬೆನ್ನ ಮೇಲೆ ಮಗು ಮನೆಗೆ ಬಂತು. ಊರಿಗೆ ಊರೇ ಸಿಹಿ ಹಂಚಿತು.

"ಏನು ಬೇಕಪ್ಪ, ಕೇಳು," ಎಂದ ರಾಜ.

"ಒಂದೇ ಒಂದು ಗಾಡಿ ಕಟ್ಟಲು ಅಪ್ಪಣೆಯಾಗಲಿ, ಪ್ರಭು."

ರಾಜ ತಲೆ ತಗ್ಗಿಸಿದ. "ನಿಮ್ಮ ಕಸುಬಿನ ಕಟ್ಟಳೆ ಮೀರಲು ನನಗೂ ಆಗದಪ್ಪ. ಕಾರ್ಪೆಂಟಾರಿ ಎಂಬ ಹೆಸರನ್ನು ಮಾತ್ರ ನಿನ್ನಿಂದ ಯಾರೂ ಕಿತ್ತುಕೊಳ್ಳದಂತೆ ಡಂಗುರ ಸಾರಿಸುತ್ತೇನೆ."

ಹಾಗೆ ವಿಂದೋ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಚೆನ್ನಾಗಿಯೇ ಬಾಳಿದ. ಜನ ಅವನನ್ನು ಕಾರ್ಪೆಂಟಾರಿ ಎಂದೇ ಕರೆದರು. ಅವನಿಂದ ಮರಗೆಲಸ ಕಲಿತು ಒಂದೂ ಗಾಡಿ ಕಟ್ಟದವರಿಗೂ ಅದೇ ಹೆಸರು ಬಂತು. ಆ ಹೆಸರು ಕಡಲು ದಾಟಿ ಇಂಗ್ಲಿಷರ ಬಾಯಲ್ಲಿ ಕಾರ್ಪೆಂಟರ್ ಆಯಿತು. ಅದರೊಳಗೆ ಗಾಡಿ ಇದೆಯೆಂಬುದು ಕರೆಯುವವರಿಗೂ ಮರೆತುಹೋಯಿತು.

ವಿಂದೋ ಮರೆಯಲಿಲ್ಲ. ಯಾರಾದರೂ "ಕಾರ್ಪೆಂಟಾರಿ" ಎಂದು ಕೂಗಿದರೆ ಮೊದಲು ದಾರಿಯ ಕಡೆ ನೋಡುತ್ತಿದ್ದ. ಆಮೇಲೆ ಕೇಳುತ್ತಿದ್ದ: "ಏನು ಮಾಡಿಕೊಡಲಿ, ಬಾಗಿಲೋ ಕಿಟಕಿಯೋ?"